ಬೆರಳು ಅವರದ್ದೇ ಇರಲಿ

(ಕೊಡಗಿನ ಗೋಣಿಕೊಪ್ಪದಲ್ಲಿ ಒಂದು ಭಾನುವಾರ, ಹಿರಿಯರು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಜ್ಜ ಅಜ್ಜಿಯರೇ, ನಿಮಗೆ ವಿಡಿಯೋ ಕಾಲ್ ಕಲಿಸಿಕೊಡುತ್ತಾರೆ ಅಂತ ಹೇಳಿ ಮನೆಯವರು ಕರೆದುಕೊಂಡು ಬಂದಿದ್ದಾರೆ. ಖಂಡಿತ ಕಲಿಯೋಣ. ಆದರೆ ಮೊದಲ ಅರ್ಧ ಗಂಟೆ ನನ್ನ ಮಾತು ಹಿಂದೆ ಕೂತಿರುವ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಜೊತೆ. ಯಾಕೆಂದರೆ ಕಲಿಯುವವರಲ್ಲಿ ನಾನು ಕಂಡ ತೊಂದರೆ ಕಡಿಮೆ. ಕಲಿಸುವವರಲ್ಲಿ ಕಂಡದ್ದೇ ಜಾಸ್ತಿ.

ನಾನು ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದವಳು. ದೂರದ ಊರಿಗೆ ಆಪರೇಟರೇ ಲೈನ್ ಜೋಡಿಸಿಕೊಡುತ್ತಿದ್ದ ಟ್ರಂಕ್ ಕಾಲ್ ಕಾಲ ಅದು. ಮಗ ಬೊಂಬಾಯಿಯಲ್ಲಿ, ಮಗಳನ್ನು ಕೊಟ್ಟದ್ದು ದೆಹಲಿಗೆ. ತಾಯಿ ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಬಂದು ಪಿ.ಪಿ. ಕಾಲ್, ಅಂದರೆ ಇಂಥವರೇ ಮಾತಿಗೆ ಬೇಕು ಅಂತ ಹೆಸರು ಹೇಳಿ ಮಾಡುವ ಕಾಲ್, ಬುಕ್ ಮಾಡುವರು. ಆಮೇಲೆ ಮಧ್ಯಾಹ್ನದವರೆಗೂ ಬೆಂಚಿನ ಮೇಲೆ ಕಾಯುವರು. ಲೈನ್ ಸಿಕ್ಕರೆ ಮೂರು ನಿಮಿಷ. ರಿಸೀವರ್ ಕಿವಿಗೆ ಒತ್ತಿಕೊಂಡು, ಬೆಟ್ಟದ ಆಚೆಗೆ ಕೇಳಿಸಬೇಕು ಅನ್ನುವ ಹಾಗೆ ಕೂಗುವರು. ‘ಚೆನ್ನಾಗಿದ್ದೀಯಾ’ ಅಂತ ಮೂರು ಸಲ ಕೇಳುವಷ್ಟರಲ್ಲಿ ಹೊತ್ತು ಮುಗಿಯುತ್ತಿತ್ತು. ‘ಮೂರು ನಿಮಿಷ ಆಯಿತು’ ಅಂತ ನಡುವೆ ಹೇಳುವ ಕೆಲಸ ನನ್ನದು. ಅದನ್ನು ಹೇಳುವಾಗಲೆಲ್ಲ ನನಗೆ ಸಂಕಟ ಆಗುತ್ತಿತ್ತು.

ಇವತ್ತು ಎಪ್ಪತ್ತೈದು, ಎಂಬತ್ತು ದಾಟಿದವರು ಆ ಬೆಂಚಿನ ಮೇಲೆ ಕಾಯುತ್ತಿದ್ದವರೇ. ಫೋನ್ ಅವರಿಗೆ ಗೊತ್ತಿಲ್ಲದ ವಸ್ತು ಅಲ್ಲ. ಕಿವಿಗೆ ಹಿಡಿಯಬೇಕು, ಜೋರಾಗಿ ಮಾತಾಡಬೇಕು, ದುಡ್ಡು ಓಡುತ್ತಿದೆ, ಬೇಗ ಮುಗಿಸಬೇಕು. ಇದು ಜೀವನಪೂರ್ತಿ ಕಲಿತ ಪಾಠ. ವಾಟ್ಸಾಪ್‌ಗೆ ವಿಡಿಯೋ ಕಾಲ್ ಬಂದದ್ದು 2016ರ ನವೆಂಬರ್‌ನಲ್ಲಿ. ಜಿಯೋ ಸಿಮ್ ಬಂದು ಹಳ್ಳಿ ಮನೆಗಳಿಗೆ ಇಂಟರ್‌ನೆಟ್ ಅಗ್ಗವಾದದ್ದೂ ಅದೇ ವರ್ಷ. ಐವತ್ತು ವರ್ಷ ಕೈಯಲ್ಲಿ ಕೂತ ಅಭ್ಯಾಸ ಅಷ್ಟು ಬೇಗ ಬಿಟ್ಟು ಹೋಗುತ್ತದಾ? ಅಜ್ಜಿ ಫೋನನ್ನು ಕಿವಿಗೆ ಹಿಡಿದಾಗ ಅಲ್ಲಿ ಮೊಮ್ಮಗಳಿಗೆ ಬರೀ ಕಿವಿಯೋಲೆ ಕಾಣುತ್ತದೆ. ಎಲ್ಲರೂ ನಗುತ್ತಾರೆ. ಅಜ್ಜಿ ಏನೋ ತಪ್ಪಾಯಿತು ಅಂತ ಫೋನ್ ಕೊಟ್ಟುಬಿಡುತ್ತಾರೆ. ಮುಂದಿನ ಸಲ ‘ನೀನೇ ಮಾತಾಡು’ ಅನ್ನುತ್ತಾರೆ. ದಯವಿಟ್ಟು ನಗಬೇಡಿ.

ನಾಪೋಕ್ಲು ಕಡೆಯ ಒಂದು ಮನೆಯ ವಿಷಯ ಹೇಳುತ್ತೇನೆ. ಅಲ್ಲಿಯ ಅಜ್ಜಿಗೆ ಎಂಬತ್ತೊಂದು ವಯಸ್ಸು. ಮಗ ಹೊಸ ಫೋನ್ ತಂದುಕೊಟ್ಟು ಹೋಗಿದ್ದ. ನಾನು ಹೋದಾಗ ಫೋನ್ ದೇವರ ಕೋಣೆಯ ಗೂಡಿನಲ್ಲಿ ಬಟ್ಟೆ ಸುತ್ತಿಕೊಂಡು ಕೂತಿತ್ತು. ‘ಅದು ನನ್ನ ಮಾತು ಕೇಳುವುದಿಲ್ಲ ಮಗಾ’ ಅಂದರು. ಏನು ಮಾಡುತ್ತೀರಿ ತೋರಿಸಿ ಅಂದೆ. ಅವರು ಬೆರಳು ಇಟ್ಟರು. ಏನೂ ಆಗಲಿಲ್ಲ. ಇನ್ನೂ ಗಟ್ಟಿಯಾಗಿ ಒತ್ತಿದರು. ಆಗ ಪರದೆಯ ಮೇಲೆ ಏನೇನೋ ಪಟ್ಟಿ ತೆರೆದುಕೊಂಡಿತು. ಪಕ್ಕದಲ್ಲಿದ್ದ ಮೊಮ್ಮಗ ‘ಹಾಗಲ್ಲ ಅಜ್ಜಿ, ಕೊಡಿ ಇಲ್ಲಿ’ ಅಂತ ಫೋನ್ ತೆಗೆದುಕೊಂಡು, ಟಪ ಟಪ ಎರಡು ಸಲ ಮುಟ್ಟಿ, ಸರಿಮಾಡಿ ಕೊಟ್ಟ. ಅಜ್ಜಿ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಅವನ ಬೆರಳು ನೋಡುತ್ತಾ ಕೂತಿದ್ದರು.

ಅವರ ಕೈ ನೋಡಿದೆ. ಕಾಫಿ ಕುಯ್ದು, ಮೆಣಸು ಬಿಡಿಸಿ, ಬೂದಿ ಹಾಕಿ ಪಾತ್ರೆ ತಿಕ್ಕಿದ ಕೈ. ಬೆರಳ ತುದಿ ಒಣಗಿ, ಮರದ ತೊಗಟೆ ಹಾಗೆ ಗಟ್ಟಿಯಾಗಿತ್ತು. ಈಗಿನ ಫೋನಿನ ಗಾಜು ನಾವು ಎಷ್ಟು ಭಾರ ಹಾಕಿ ಒತ್ತುತ್ತೇವೆ ಅಂತ ನೋಡುವುದಿಲ್ಲ. ಚರ್ಮದಲ್ಲಿರುವ ತೇವದಿಂದ ಹರಿಯುವ ಸಣ್ಣ ವಿದ್ಯುತ್ತನ್ನು ಗುರುತಿಸುತ್ತದೆ. ವಯಸ್ಸಾದ ಹಾಗೆ ಚರ್ಮ ಒಣಗುತ್ತದೆ, ದುಡಿದ ಕೈಯಲ್ಲಿ ಇನ್ನೂ ಜಾಸ್ತಿ. ರೇಷನ್ ಅಂಗಡಿಯಲ್ಲಿ ಹಿರಿಯರ ಹೆಬ್ಬೆಟ್ಟು ತೆಗೆದುಕೊಳ್ಳುವುದಿಲ್ಲ ಅಲ್ವಾ, ಅಲ್ಲಿ ಸವೆದುಹೋಗಿರುವುದು ಹೆಬ್ಬೆಟ್ಟಿನ ಗೆರೆ, ಆದರೆ ಕಾರಣ ಅದೇ ದುಡಿಮೆ. ಗಾಜು ಸುಮ್ಮನಿದ್ದರೆ ಯಾರಾದರೂ ಇನ್ನೂ ಗಟ್ಟಿಯಾಗಿಯೇ ಒತ್ತುತ್ತಾರೆ. ಜಾಸ್ತಿ ಹೊತ್ತು ಒತ್ತಿದರೆ ಫೋನ್ ಅದನ್ನು ಬೇರೆ ಕೆಲಸ ಅಂತ ತಿಳಿದುಕೊಳ್ಳುತ್ತದೆ. ಅಜ್ಜಿಯ ಬುದ್ಧಿ ಚುರುಕಾಗಿಯೇ ಇತ್ತು. ಬೆರಳು ಒಣಗಿತ್ತು, ಅಷ್ಟೆ.

ಒದ್ದೆ ಬಟ್ಟೆಯಿಂದ ಬೆರಳು ಒರೆಸಿದೆವು. ‘ಅಜ್ಜಿ, ಹಣೆಗೆ ಕುಂಕುಮ ಇಡುವಾಗ ಒತ್ತುತ್ತೀರಾ?’ ಅಂತ ಕೇಳಿದೆ. ‘ಇಲ್ಲಪ್ಪ, ಮುಟ್ಟಿ ಬಿಡುತ್ತೇನೆ.’ ಹಾಗೇ ಮುಟ್ಟಿ ಬಿಡಿ ಅಂದೆ. ಒಂದೇ ಸಲಕ್ಕೆ ಬಂತು. ಎಳೆಯುವುದಕ್ಕೆ ಇನ್ನೊಂದು ಹೋಲಿಕೆ ಬೇಕಿತ್ತು. ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲನ್ನು ಬೆರಳಿಂದ ಆಚೆ ಸರಿಸುತ್ತಾರಲ್ಲ, ಹಾಗೆ ಅಂತ ಅವರೇ ಹೇಳಿದರು. ನನಗಿಂತ ಚೆನ್ನಾದ ಮೇಷ್ಟರು. ಆಮೇಲೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಒಳಗೆ ಹೋಗಿ, ಒತ್ತಿ ಹಿಡಿಯುವುದಕ್ಕೆ ಎಷ್ಟು ಹೊತ್ತು ಅನ್ನುವುದನ್ನು ‘ದೀರ್ಘ’ ಮಾಡಿಟ್ಟೆ. ಆಂಡ್ರಾಯ್ಡ್ ಫೋನುಗಳಲ್ಲಿ ಅದೊಂದು ಇರುತ್ತದೆ. ನಿಧಾನದ ಬೆರಳಿಗೆ ಅದರಿಂದ ದೊಡ್ಡ ಉಪಕಾರ.

ಹಾಗಾಗಿ ಹಿಂದೆ ಕೂತಿರುವವರಿಗೆ ನನ್ನ ಕೋರಿಕೆ ಒಂದೇ. ಅವರ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. ನಿಮ್ಮ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಕಲಿಸಿ. ನಾನು ಹಾಗೇ ಮಾಡುತ್ತೇನೆ. ಅವರು ತಪ್ಪು ಕಡೆ ಮುಟ್ಟಲಿ, ಬೇರೇನೋ ತೆರೆಯಲಿ, ಅಲ್ಲಿಂದ ವಾಪಸ್ ಬರುವ ದಾರಿಯನ್ನು ಬಾಯಲ್ಲಿ ಹೇಳಿ. ನೀವು ಎರಡು ಸೆಕೆಂಡಿನಲ್ಲಿ ಮಾಡಿಕೊಟ್ಟ ಕೆಲಸ ಅವರಿಗೆ ಬರುವುದಿಲ್ಲ. ಹತ್ತು ನಿಮಿಷ ತಡಕಾಡಿ ಅವರ ಬೆರಳೇ ಮಾಡಿದ ಕೆಲಸ ನಾಳೆಯೂ ನೆನಪಿರುತ್ತದೆ.

ಮೊದಲ ದಿನ ಕಾಲ್ ಮಾಡುವುದನ್ನು ಕಲಿಸಬೇಡಿ. ಬಂದ ಕಾಲ್ ಎತ್ತುವುದು ಮಾತ್ರ ಸಾಕು. ಮಗ ಅಲ್ಲಿಂದ ಮಾಡುತ್ತಾನೆ, ಇವರು ಎತ್ತುತ್ತಾರೆ. ಅಷ್ಟಾದರೆ ಮುಖ ನೋಡಿದ ಹಾಗಾಯಿತಲ್ಲ. ಇದರಲ್ಲಿ ಒಂದು ತೊಡಕಿದೆ, ಕಲಿಸುವವರು ಗಮನಿಸುವುದೇ ಇಲ್ಲ. ಫೋನ್ ಲಾಕ್ ಆಗಿ ಸುಮ್ನೆ ಬಿದ್ದಿರುವಾಗ ವಾಟ್ಸಾಪ್ ಕಾಲ್ ಬಂದರೆ ಆಂಡ್ರಾಯ್ಡ್‌ನಲ್ಲಿ ಪರದೆ ತುಂಬ ಕಾಣಿಸುತ್ತದೆ, ಬಟನ್ನನ್ನು ಮೇಲಕ್ಕೆ ಎಳೆಯಬೇಕು. ಫೋನ್ ತೆರೆದಿರುವಾಗ ಬಂದರೆ ಮೇಲ್ಗಡೆ ಒಂದು ಸಣ್ಣ ಪಟ್ಟಿ ಬರುತ್ತದೆ, ಅಲ್ಲಿ ಎಳೆಯುವ ಹಾಗಿಲ್ಲ, ಮುಟ್ಟಬೇಕು. ನಮಗೆ ಎರಡೂ ಒಂದೇ. ಅವರಿಗೆ ನಿನ್ನೆ ಕಲಿತದ್ದು ಇವತ್ತು ಸುಳ್ಳಾದ ಹಾಗೆ. ಅದಕ್ಕೆ ಮೊದಲ ವಾರ ಫೋನ್ ಲಾಕ್ ಮಾಡಿ ಮೇಜಿನ ಮೇಲೆ ಇಟ್ಟಿರಲು ಹೇಳಿ. ಒಂದೇ ರೂಪ ನೋಡಲಿ. ಕೈ ಕೂತ ಮೇಲೆ ಇನ್ನೊಂದನ್ನು ತೋರಿಸಿ.

ಮನೆಯಲ್ಲೇ ಅಭ್ಯಾಸ ಮಾಡಿಸುವಾಗ ಇಬ್ಬರೂ ಒಂದೇ ಕೋಣೆಯಲ್ಲಿ ಕೂರಬೇಡಿ. ಒಂದು ಫೋನಿನ ಸದ್ದು ಇನ್ನೊಂದಕ್ಕೆ ಹೋಗಿ ಕುಂಯ್ ಅಂತ ಕಿರುಚುತ್ತದೆ, ಹಿರಿಯರು ಬೆಚ್ಚಿಬೀಳುತ್ತಾರೆ. ನೀವು ಕಣದ ಕಡೆ ಹೋಗಿ ಅಲ್ಲಿಂದ ಮಾಡಿ.

ಪೊನ್ನಂಪೇಟೆ ಹತ್ತಿರದ ಒಬ್ಬ ಅಜ್ಜ ತೋಟದ ಆಳುಗಳ ಲೆಕ್ಕ ಬರೆಯುವ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದುಕೊಂಡಿದ್ದರು: ‘ಉಂಡೆ ಮೇಲಕ್ಕೆ. ಮುಖ ಬರುವ ತನಕ ಕಾಯಬೇಕು. ಮುಗಿದ ಮೇಲೆ ಕೆಂಪು.’ ಇಷ್ಟೇ. ನಾನು ಅಚ್ಚು ಹಾಕಿಸಿ ಹಂಚುತ್ತಿದ್ದ ಎರಡು ಪುಟದ ಕಾಗದವನ್ನು ಅವತ್ತೇ ನಿಲ್ಲಿಸಿದೆ. ಅವರ ಮಾತಲ್ಲಿ, ಅವರ ಅಕ್ಷರದಲ್ಲಿ ಅವರೇ ಬರೆದುಕೊಳ್ಳಲಿ.

ಕಿವಿಯ ವಿಷಯ. ವಯಸ್ಸಾದಾಗ ಮೊದಲು ಹೋಗುವುದು ತೆಳು ಸದ್ದು. ಸ, ಶ, ತ, ಫ ಇಂಥ ಅಕ್ಷರಗಳು ಸರಿಯಾಗಿ ಕೇಳಿಸುವುದಿಲ್ಲ. ಹೆಂಗಸರ ದನಿ, ಮಕ್ಕಳ ದನಿ ಇನ್ನೂ ಕಷ್ಟ. ಬರೀ ಮಾತಿನ ಕಾಲ್‌ಗಿಂತ ವಿಡಿಯೋ ಕಾಲ್ ಹಿರಿಯರಿಗೆ ಒಳ್ಳೆಯದು ಅಂತ ನಾನು ಹೇಳುವುದು ಇದಕ್ಕೇ. ತುಟಿ ಕಂಡರೆ ಅರ್ಧ ಮಾತು ಕಣ್ಣಿಗೆ ಕೇಳಿಸುತ್ತದೆ. ಆದರೆ ತುಟಿ ಕಾಣಬೇಕಲ್ಲ. ಬೆಂಗಳೂರಿನಲ್ಲಿರುವ ಮಗಳು ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಾಣುತ್ತದೆ. ಹೊರಗಿರುವ ಮಕ್ಕಳಿಗೆ ತಿಳಿಸಿ: ಬೆಳಕಿಗೆ ಮುಖ ಮಾಡಿ ಕೂರಿ, ಅಡುಗೆ ಮಾಡುತ್ತಾ, ಕಾರಿನಲ್ಲಿ ಹೋಗುತ್ತಾ ಮಾತಾಡಬೇಡಿ, ಕೂಗಬೇಡಿ, ನಿಧಾನಕ್ಕೆ ಹೇಳಿ. ಕೂಗಿದರೆ ದನಿ ಒಡೆದು ಇನ್ನೂ ಕೇಳಿಸುವುದಿಲ್ಲ.

ಇತ್ತ ನಮ್ಮ ಮನೆಗಳೂ ಮಳೆಗಾಲದಲ್ಲಿ ಕತ್ತಲೆ. ಹಿರಿಯರನ್ನು ಜಗಲಿಯಲ್ಲಿ, ಅಂಗಳದ ಕಡೆ ಮುಖ ಮಾಡಿ ಕೂರಿಸಿ. ಫೋನ್ ಕೈಯಲ್ಲಿ ಹಿಡಿದರೆ ಕೈ ನೋಯುತ್ತದೆ, ಅಲ್ಲಾಡುತ್ತದೆ, ಕೆಳಗಿನ ಸ್ಪೀಕರ್ ಅಂಗೈಯಲ್ಲಿ ಮುಚ್ಚಿಹೋಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಅಕ್ಕಿ ತುಂಬಿದ ಸೇರಿಗೆ ಒರಗಿಸಿಡಿ, ಅಲ್ಲಾಡುವುದಿಲ್ಲ. ಫೋನ್ ಕೈಯಲ್ಲಿ ಇಲ್ಲದಿದ್ದರೆ ಕಿವಿಗೆ ಹೋಗುವುದೂ ತಾನಾಗಿ ನಿಲ್ಲುತ್ತದೆ. ಶೀಟಿನ ಮಾಡಿನ ಮನೆಯಾದರೆ ಜೋರು ಮಳೆಯಲ್ಲಿ ಏನೂ ಕೇಳಿಸುವುದಿಲ್ಲ, ಆಗ ತಂತಿಯ ಇಯರ್‌ಫೋನ್ ಒಂದು ಇರಲಿ.

ಫೋನನ್ನು ಸಿದ್ಧಮಾಡುವುದು ನಿಮ್ಮ ಕೆಲಸ, ಒಂದು ಸಂಜೆ ಸಾಕು. ಭಾಷೆ ಕನ್ನಡ ಮಾಡಿ. ಅಕ್ಷರ ದೊಡ್ಡದು ಮಾಡಿ. ಬೇಡದ ಆ್ಯಪ್‌ಗಳನ್ನೆಲ್ಲ ಮೊದಲ ಪರದೆಯಿಂದ ತೆಗೆಯಿರಿ. ವಾಟ್ಸಾಪ್‌ನಲ್ಲಿ ಮಗನ ಚಾಟ್ ತೆರೆದು, ಮೂರು ಚುಕ್ಕೆ ಮುಟ್ಟಿದರೆ ಅದರೊಳಗೆ ಶಾರ್ಟ್‌ಕಟ್ ಸೇರಿಸುವ ದಾರಿ ಇದೆ. ಆಗ ಮಗನ ಮುಖ ಮೊದಲ ಪರದೆಯಲ್ಲೇ ಕೂರುತ್ತದೆ. ಎರಡನೇ ವಾರ ಕಾಲ್ ಮಾಡುವುದನ್ನು ಕಲಿಸುವಾಗ ಇದು ಉಪಯೋಗಕ್ಕೆ ಬರುತ್ತದೆ: ಮುಖ ಮುಟ್ಟು, ಮೇಲಿನ ಕ್ಯಾಮೆರಾ ಮುಟ್ಟು. ಮಕ್ಕಳೆಲ್ಲ ತಮ್ಮ ವಾಟ್ಸಾಪ್ ಚಿತ್ರವಾಗಿ ಹೂವು, ಬೈಕು, ದೇವರು ಇಡುವ ಬದಲು ತಮ್ಮ ಮುಖವನ್ನೇ ಇಡಲಿ. ಅಜ್ಜಿ ಓದುವುದು ಮುಖವನ್ನು.

ಇನ್ನು ನೆಟ್‌ವರ್ಕ್. ಇದು ಬೆಂಗಳೂರಿನವರಿಗೆ ಗೊತ್ತಿಲ್ಲದ ಪಾಠ, ನಮಗೆ ದಿನದ ಅನ್ನ. ಬೆಟ್ಟದ ಮಗ್ಗುಲಲ್ಲಿ ಮನೆ ಇದ್ದರೆ ಸಿಗ್ನಲ್ ಸಿಗುವುದು ಮೆಣಸಿನ ಬಳ್ಳಿಯ ಆ ಮರದ ಹತ್ತಿರ ಮಾತ್ರ. ಎಂಬತ್ತರ ಹಿರಿಯರನ್ನು ಜಿಗಣೆ ಕಚ್ಚುವ ಮಳೆಯಲ್ಲಿ ಅಲ್ಲಿಗೆ ಕಳಿಸಬಾರದು. ಫೈಬರ್ ತಂತಿ ಬಂದಿರುವ ಕಡೆ ವೈಫೈ ಹಾಕಿಸಿ. ಕರೆಂಟ್ ಹೋದರೆ ವೈಫೈ ಡಬ್ಬಿಯೂ ಹೋಗುತ್ತದೆ. ಅದಕ್ಕಂತಲೇ ಸಣ್ಣ ಯುಪಿಎಸ್ ಸಿಗುತ್ತದೆ, ಕೆಲವು ಗಂಟೆ ತಡೆಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ಇರುವಾಗಲೆಲ್ಲ ಫೋನ್ ಚಾರ್ಜಿಗೆ ಇಡುವುದನ್ನು ಅಭ್ಯಾಸ ಮಾಡಿಸಿ.

ಮುಖ ನಿಂತುಹೋಗಿ ದನಿ ತುಂಡು ತುಂಡಾದರೆ ಗಾಬರಿ ಬೇಡ. ಆಚೆ ಕಡೆಯವರು ತಮ್ಮ ವಿಡಿಯೋ ನಿಲ್ಲಿಸಿದರೆ ಸಾಮಾನ್ಯವಾಗಿ ಮಾತು ಉಳಿಯುತ್ತದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಕಾಲ್‌ಗೆ ಕಡಿಮೆ ಡೇಟಾ ಬಳಸುವ ಒಂದು ಆಯ್ಕೆ ಇದೆ, ಅದನ್ನೂ ಹಾಕಿಡಿ. ಮತ್ತೆ, ಮಾತು ಆಚೆ ತಲುಪಿ ವಾಪಸ್ ಬರಲು ಒಂದು ಕ್ಷಣ ಹಿಡಿಯುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ. ಕೇಳಿ, ನಿಂತು, ಆಮೇಲೆ ಹೇಳುವುದನ್ನು ಮಕ್ಕಳೇ ಮೊದಲು ರೂಢಿ ಮಾಡಿಕೊಳ್ಳಲಿ.

2018ರ ಆಗಸ್ಟ್ ನೆನಪಿದೆಯಲ್ಲ. ಬೆಟ್ಟ ಕುಸಿದು, ರಸ್ತೆ ಹೋಗಿ, ಕರೆಂಟೂ ಫೋನೂ ಇಲ್ಲದೆ ಎಷ್ಟೋ ಮನೆಗಳ ಸುದ್ದಿ ಹೊರಗಿನ ಮಕ್ಕಳಿಗೆ ಸಿಗಲಿಲ್ಲ. ಅದಕ್ಕೇ ಮಳೆಗೆ ಮುಂಚೆ ಮನೆಯಲ್ಲಿ ಒಂದು ಮಾತು ಆಗಿರಲಿ. ಎರಡು ದಿನ ಕಾಲ್ ಬಾರದಿದ್ದರೆ ಯಾರನ್ನು ಕೇಳಬೇಕು? ಪಕ್ಕದ ಮನೆಯ ನಂಬರ್, ಊರಿನ ಅಂಗಡಿಯ ನಂಬರ್ ಮಕ್ಕಳ ಹತ್ತಿರ ಇರಲಿ. ಇಲ್ಲಿಯವರಿಗೂ ಹೇಳಿ, ಕಾಲ್ ಬಾರದೆ ಇರುವುದಕ್ಕೆ ಮಗನ ಸಿಟ್ಟೇ ಕಾರಣ ಆಗಬೇಕಿಲ್ಲ. ಒಬ್ಬ ಅವ್ವ ಆರು ದಿನ ಅದೇ ಕೊರಗಿನಲ್ಲಿ ಊಟ ಬಿಟ್ಟಿದ್ದರು. ನೋಡಿದರೆ 28 ದಿನದ ಪ್ಯಾಕ್ ಮುಗಿದಿತ್ತು. ರೀಚಾರ್ಜ್ ದಿನವನ್ನು ಮಕ್ಕಳೇ ನೆನಪಿಟ್ಟು ಅಲ್ಲಿಂದಲೇ ಹಾಕಿಸಬೇಕು. ಕಲಿಸುವುದಕ್ಕಿಂತ ಇದು ಮುಖ್ಯ ಅನ್ನುವವಳು ನಾನು.

ಹೊತ್ತು ಗೊತ್ತು ಮಾಡಿಕೊಳ್ಳಿ. ಹಿರಿಯರಿಗೆ ತಲೆ ಬಾಚಿಕೊಂಡು, ಒಳ್ಳೆ ಸೀರೆ ಉಟ್ಟು, ಅಂಗಿ ಗುಂಡಿ ಹಾಕಿಕೊಂಡು ಕೂರುವ ಆಸೆ ಇರುತ್ತದೆ. ಹೇಳದೆ ಕೇಳದೆ ಕಾಲ್ ಮಾಡಿ, ಒದ್ದೆ ತಲೆಯಲ್ಲಿ ಇರುವವರನ್ನು ಹತ್ತು ಜನರ ಗುಂಪಿಗೆ ತೋರಿಸುವುದು ಸರಿಯಲ್ಲ. ಭಾನುವಾರ ಇಷ್ಟು ಗಂಟೆ ಅಂತ ಇದ್ದರೆ ಆ ದಿನಕ್ಕೇ ಒಂದು ಬೆಲೆ ಬರುತ್ತದೆ. ಟೊರೊಂಟೊದಲ್ಲಿರುವ ಮಗ ಬೆಳಿಗ್ಗೆ ಒಂಬತ್ತಕ್ಕೆ ಮಾಡಿದರೆ ಬೇಸಿಗೆಯಲ್ಲಿ ನಮಗೆ ಸಂಜೆ ಆರೂವರೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ನಮಗೆ ಏಳೂವರೆ. ಇದನ್ನು ಯಾರೂ ಹೇಳದೆ ಒಂದು ಗಂಟೆ ಫೋನ್ ಮುಂದೆ ಕೂತು ಕಾದವರನ್ನು ನೋಡಿದ್ದೇನೆ. ಮೊದಲೇ ತಿಳಿಸಿ.

‘ಊಟ ಆಯಿತಾ, ಮಳೆ ಇದೆಯಾ’ ಆದ ಮೇಲೆ ಏನು ಮಾತಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಮಾತು ಬೇಕಿಲ್ಲ, ತೋರಿಸಲಿ. ಹಿಂದಿನ ಕ್ಯಾಮೆರಾ ತಿರುಗಿಸುವ ಬಟನ್ನನ್ನು ಮೂರನೇ ವಾರ ಕಲಿಸಿ. ಹೂಮಳೆ ಬಿದ್ದು ಕಾಫಿ ಹೂವು ಬಿಟ್ಟಾಗ, ತೋಟವೆಲ್ಲ ಬಿಳಿಯಾದಾಗ, ಒಬ್ಬ ಅಜ್ಜ ಬೆಳಿಗ್ಗೆ ಆರೂವರೆಗೆ ದುಬೈನಲ್ಲಿರುವ ಮೊಮ್ಮಗಳಿಗೆ ಕಾಲ್ ಮಾಡಿದರು. ಅಲ್ಲಿ ಐದು ಗಂಟೆ. ಕಣ್ಣುಜ್ಜಿಕೊಳ್ಳುತ್ತಾ ಎತ್ತಿದಳು. ಅಜ್ಜ ಮಾತೇ ಆಡಲಿಲ್ಲ. ಫೋನನ್ನು ಒಂದೊಂದು ಗಿಡದ ಹತ್ತಿರ ಹಿಡಿದುಕೊಂಡು ನಡೆದರು. ಅವಳು ಆಚೆಯಿಂದ ‘ಅಜ್ಜ, ಜೇನು ಹುಳದ ಸದ್ದು ಕೇಳುತ್ತಿದೆ’ ಅಂದಳು. ಅವತ್ತಿನಿಂದ ಆ ಅಜ್ಜನೇ ಕಾಲ್ ಮಾಡುವವರು. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಕದಿರು ಕುಯ್ದು ‘ಪೊಲಿ ಪೊಲಿ ದೇವಾ’ ಅನ್ನುವಾಗ ಗದ್ದೆಗೆ ಬರಲಾಗದ ಮಕ್ಕಳಿಗೆ ಹೀಗೇ ತೋರಿಸಬಹುದು. ಮಕ್ಕಳ ಮುಂದೆ ಸುಮ್ನೆ ಕೂತು ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ, ತಾನು ತೋರಿಸುವವನಾದಾಗ ಹಿರಿಯರ ದನಿಯೇ ಬದಲಾಗುತ್ತದೆ.

ಇನ್ನೊಂದು ವಿಷಯ, ಇದನ್ನು ಮುಂದಿನ ಸಾಲಿನವರೇ ಕೇಳಿಸಿಕೊಳ್ಳಬೇಕು. ಗೊತ್ತಿಲ್ಲದ ನಂಬರಿನಿಂದ ವಿಡಿಯೋ ಕಾಲ್ ಬರುತ್ತದೆ. ಪೊಲೀಸ್ ಡ್ರೆಸ್ ಹಾಕಿದವನೊಬ್ಬ ಕೂತಿರುತ್ತಾನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಏನೋ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನ್ ಇಡಬೇಡಿ, ಯಾರಿಗೂ ಹೇಳಬೇಡಿ ಅನ್ನುತ್ತಾನೆ. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಅನ್ನುವುದೇ ಇಲ್ಲ. ಯಾವ ಪೊಲೀಸರೂ ವಿಡಿಯೋ ಕಾಲ್‌ನಲ್ಲಿ ಬಂಧಿಸುವುದಿಲ್ಲ, ದುಡ್ಡು ಹಾಕಿ ಅನ್ನುವುದಿಲ್ಲ. ಕೆಂಪು ಮುಟ್ಟಿ, ಮನೆಯವರಿಗೆ ಹೇಳಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ದುಡ್ಡು ತಡೆಹಿಡಿಯುವ ಅವಕಾಶ ಅಷ್ಟು ಜಾಸ್ತಿ. ಹೇಳಲು ಮುಜುಗರವಾದರೂ ಇನ್ನೊಂದು ಹೇಳಲೇಬೇಕು. ಅಸಹ್ಯವಾದದ್ದೇನೋ ತೋರಿಸಿ, ನಿಮ್ಮ ಮುಖದ ಜೊತೆ ರೆಕಾರ್ಡ್ ಮಾಡಿಕೊಂಡು, ದುಡ್ಡು ಕೊಡದಿದ್ದರೆ ನೆಂಟರಿಗೆಲ್ಲ ಕಳಿಸುತ್ತೇವೆ ಅಂತ ಹೆದರಿಸುವವರಿದ್ದಾರೆ. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ನಾಚಿಕೊಂಡು ಒಳಗೇ ಇಟ್ಟುಕೊಳ್ಳಬೇಡಿ. ಮಕ್ಕಳೇ, ಅಪ್ಪ ಬಂದು ಹೇಳಿದರೆ ಬೈಯಬೇಡಿ. ಒಂದು ಸಲ ಬೈದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ವಾಟ್ಸಾಪ್ ಸೆಟ್ಟಿಂಗ್ಸ್‌ನ ಪ್ರೈವಸಿ ಒಳಗೆ, ಕಾಲ್ಸ್ ಅನ್ನುವ ಕಡೆ, ಗೊತ್ತಿಲ್ಲದವರ ಕಾಲ್ ರಿಂಗ್ ಆಗದ ಹಾಗೆ ಮಾಡಬಹುದು. ಇವತ್ತೇ ಮಾಡಿಡಿ. ಮಾಮೂಲಿ ಫೋನ್ ಕಾಲ್‌ಗೆ ಇದರಿಂದ ಏನೂ ತೊಂದರೆ ಇಲ್ಲ.

ಬೇಡ ಅನ್ನುವ ಹಿರಿಯರೂ ಇರುತ್ತಾರೆ. ಮುಖ ನೋಡಿದರೆ ಅಳು ಬರುತ್ತದೆ, ದನಿ ಕೇಳಿದರೆ ಸಾಕು ಅಂದವರಿದ್ದಾರೆ. ಒತ್ತಾಯ ಮಾಡಬೇಡಿ. ದನಿಯಲ್ಲೇ ಮಾತಾಡಿ, ಪದೇ ಪದೇ ಮಾತಾಡಿ.

ಸರಿ, ಈಗ ಮುಂದಿನ ಸಾಲಿನವರು ಫೋನ್ ಹೊರಗೆ ತೆಗೆಯಿರಿ. ಕನ್ನಡಕ ಹಾಕಿಕೊಳ್ಳಿ. ಆ ಮೇಜಿನ ಮೇಲೆ ಒದ್ದೆ ಬಟ್ಟೆ ಇದೆ, ಬೆರಳು ಒರೆಸಿಕೊಳ್ಳಿ. ಜೊತೆಗೆ ಬಂದಿರುವ ಮಕ್ಕಳೆಲ್ಲ ಹೊರಗೆ ಗೇಟಿನ ಹತ್ತಿರ ಹೋಗಿ, ಅಲ್ಲಿಂದ ಒಬ್ಬೊಬ್ಬರಾಗಿ ಕಾಲ್ ಮಾಡಿ. ರಿಂಗ್ ಆಗುತ್ತಲೇ ಇರಲಿ, ಯಾರೂ ಒಳಗೆ ಓಡಿ ಬರಬೇಡಿ. ಅವರು ಎತ್ತುತ್ತಾರೆ.